ಇಸ್ತಾಂಬುಲ್‌ನ ಡಂಗುರ, ಬಳ್ಳಾರಿಯ ಬಿಸಿಲು

ಬಳ್ಳಾರಿಯ ಜೈಲುಗಳ ಮಾತು ಬಂದರೆ ನಮಗೆ ಮೊದಲು ನೆನಪಾಗುವವರು ಸ್ವಾತಂತ್ರ್ಯ ಹೋರಾಟಗಾರರು. ಅಲ್ಲೀಪುರ ಜೈಲಿನ ಹೆಸರು ಕೇಳದ ಹಳೆಯ ತಲೆಮಾರಿನ ಸತ್ಯಾಗ್ರಹಿ ಆಂಧ್ರ, ತಮಿಳುನಾಡು, ಕರ್ನಾಟಕಗಳಲ್ಲಿ ಇದ್ದಿರಲಾರ. ಆದರೆ ಉಪ್ಪಿನ ಸತ್ಯಾಗ್ರಹಕ್ಕೂ ಹನ್ನೆರಡಕ್ಕೂ ಹೆಚ್ಚು ವರ್ಷ ಮುಂಚೆ ಈ ಊರಿಗೆ ಬೇರೊಂದು ಬಗೆಯ ಬಂಧಿಗಳು ಬಂದಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ತೆಲುಗು ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಅವರು ಒಟ್ಟೊಮನ್ ಸಾಮ್ರಾಜ್ಯದ, ನಮ್ಮ ಜನ ಸರಳವಾಗಿ ಕರೆಯುವಂತೆ ಟರ್ಕಿಯ, ಸಿಪಾಯಿಗಳು.

1917ರ ಮೊದಲ ತಿಂಗಳುಗಳಲ್ಲಿ ಜಿನೀವಾದ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು ಭಾರತ ಮತ್ತು ಬರ್ಮಾಗಳ ಯುದ್ಧಕೈದಿ ಶಿಬಿರಗಳನ್ನು ಸುತ್ತಿ ವರದಿ ಬರೆದರು. ರಾಜಪುತಾನದ ಸುಮೇರ್‌ಪುರ, ಬರ್ಮಾದ ಥಾಯೆಟ್‌ಮ್ಯೊಗಳ ಸಾಲಿನಲ್ಲೇ ಬಳ್ಳಾರಿಯ ಹೆಸರೂ ಅದರಲ್ಲಿದೆ. ಅನಟೋಲಿಯಾದ ಯಾವುದೋ ಹಳ್ಳಿಯಲ್ಲಿ ಗೋಧಿ ಕೊಯ್ಯುತ್ತಿದ್ದವನು ಬಳ್ಳಾರಿಯ ದಂಡಿನ ಬಿಸಿಲಿಗೆ ಬಂದು ಕೂತದ್ದು ಹೇಗೆ? ಯುದ್ಧ ಶುರುವಾದ 1914ರ ಆಗಸ್ಟಿನಲ್ಲಿ ಅವನ ದೇಶ ಯಾರ ಪಕ್ಷದಲ್ಲೂ ಇರಲಿಲ್ಲ. ‘ನಾವು ತಟಸ್ಥರು’ ಎಂದು ಘಂಟಾಘೋಷವಾಗಿ ಸಾರಿತ್ತು. ಮೂರು ತಿಂಗಳೊಳಗೆ ಆ ತಟಸ್ಥ ನೀತಿ ಮುರಿದು ಬಿತ್ತು. ಬಿದ್ದದ್ದು ಮಾತ್ರ ಹಳ್ಳಿಗರ ತಲೆಯ ಮೇಲೆ.

ಕೊಯ್ಲಿನ ಹೊತ್ತಿಗೆ ಬಂದ ಕರೆ

ಬಳ್ಳಾರಿಯಿಂದ ಕುರುಗೋಡಿನ ಕಡೆಗೆ, ಬಾದನಹಟ್ಟಿಯ ಸುತ್ತಮುತ್ತ ಹೋಗಿ ನೋಡಿ. ಇಂದು ತುಂಗಭದ್ರೆಯ ಕಾಲುವೆ ನೀರು ಬಂದು ಮೆಣಸಿನಕಾಯಿ, ಹತ್ತಿ, ಭತ್ತದ ನಾಡಾಗಿದೆ. 1914ರಲ್ಲಿ ಅಣೆಕಟ್ಟಿನ ಸುಳಿವೂ ಇರಲಿಲ್ಲ. ಎರೆ ಹೊಲ, ಮಳೆಯ ಮೇಲಿನ ಬೇಸಾಯ, ಜೋಳ, ನವಣೆ, ಹತ್ತಿ. ಮನೆಯ ಬಾಳ್ವೆ ನಿಂತಿದ್ದುದು ಒಂದು ಜೊತೆ ಎತ್ತು ಮತ್ತು ಒಂದು ಬಂಡಿಯ ಮೇಲೆ. ಈಗ ಹೀಗೆ ಊಹಿಸಿಕೊಳ್ಳಿ: ತೆನೆ ಬಲಿತು ನಿಂತಿದೆ, ಕಣ ಇನ್ನೂ ಮಾಡಿಲ್ಲ. ಅಂಥ ಹೊತ್ತಿನಲ್ಲಿ ತಳವಾರ ಹಲಗೆ ಬಡಿಯುತ್ತ ಬಂದು, ‘ಇಪ್ಪತ್ತರಿಂದ ನಲವತ್ತೈದರೊಳಗಿನ ಗಂಡಸರೆಲ್ಲ ಹೊರಡಿ, ಎತ್ತು ಬಂಡಿ ಸರ್ಕಾರಕ್ಕೆ ಒಪ್ಪಿಸಿ’ ಎಂದು ಸಾರಿದರೆ?

ಅನಟೋಲಿಯಾದ ಹಳ್ಳಿಗಳಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. 1914ರ ಆಗಸ್ಟ್ ಮೊದಲ ವಾರ ಅಲ್ಲಿ ಸಾರ್ವತ್ರಿಕ ಸೈನ್ಯ ಜಮಾವಣೆಯ ಆಜ್ಞೆ ಹೊರಟಿತು. ರಂಜಾನ್ ಉಪವಾಸದ ತಿಂಗಳು. ಮೇಲಾಗಿ ಸುಗ್ಗಿಯ ಕಾಲ. ಡೋಲು ಬಡಿದು ಊರೂರಿನಲ್ಲಿ ಸಾರಿದರು, ಗೋಡೆಗಳ ಮೇಲೆ ಭಿತ್ತಿಪತ್ರ ಅಂಟಿಸಿದರು. ‘ಸೆಫೆರ್‌ಬೆರ್ಲಿಕ್’ ಎಂಬುದು ಈ ಜಮಾವಣೆಗೆ ಅಲ್ಲಿನ ಹೆಸರು. ಬಳ್ಳಾರಿಯಲ್ಲಿ ಉರ್ದು ಬಲ್ಲ ಯಾರನ್ನು ಕೇಳಿದರೂ ‘ಸಫರ್’ ಎಂದರೆ ಪ್ರಯಾಣ ಎನ್ನುತ್ತಾರೆ. ಆ ಅರಬ್ಬಿ ಮಾತೇ ತುರ್ಕಿಯಲ್ಲಿ ದಂಡಯಾತ್ರೆ ಎಂಬರ್ಥಕ್ಕೂ ಬಂದಿದೆ. ಸಿರಿಯಾ, ಲೆಬನಾನ್‌ಗಳ ಅರಬರ ಬಾಯಲ್ಲಂತೂ ಈ ಪದಕ್ಕೆ ಸೈನ್ಯ ಎನ್ನುವ ಅರ್ಥ ಹಿಂದೆ ಸರಿದು, ಹಸಿವು, ಮಿಡತೆ, ಮನೆಗೆ ಮರಳದ ಗಂಡಸು ಇವೆಲ್ಲ ಸೇರಿದ ಒಂದು ಕೇಡುಗಾಲದ ಹೆಸರಾಗಿ ಉಳಿದುಬಿಟ್ಟಿತು. ನಮ್ಮಲ್ಲಿ ‘ಡೋಗಿ ಬರ’ ಎಂದರೆ ಹೇಗೆ ಬೇರೇನೂ ವಿವರಿಸಬೇಕಿಲ್ಲವೋ ಹಾಗೆ.

ಯುದ್ಧಕ್ಕೆ ಇಳಿಯದೆಯೇ ಯುದ್ಧದ ಜಮಾವಣೆ! ಇದೇ ಆ ಮೂರು ತಿಂಗಳ ವಿಚಿತ್ರ. ಅದಕ್ಕೆ ಅವರು ಕೊಟ್ಟ ಹೆಸರು ‘ಸಶಸ್ತ್ರ ತಾಟಸ್ಥ್ಯ’. ನಮ್ಮ ಮೇಲೆ ಯಾರಾದರೂ ಬಿದ್ದರೆ ಎಂಬ ಭಯಕ್ಕೆ ಸಿದ್ಧತೆ ಎಂದರು. ಒಳಗಿನ ಕಥೆ ಬೇರೆಯೇ ಇತ್ತು.

ಎರಡು ಹಡಗು ಹೋದವು, ಎರಡು ಬಂದವು

1914ರ ಆಗಸ್ಟ್ 2ರಂದೇ ಟರ್ಕಿಯ ಮಂತ್ರಿಮಂಡಲದ ಕೆಲವೇ ಮಂದಿ ಜರ್ಮನಿಯೊಂದಿಗೆ ಗುಟ್ಟಾಗಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಉಳಿದ ಮಂತ್ರಿಗಳಲ್ಲಿ ಹಲವರಿಗೇ ಅದು ಗೊತ್ತಿರಲಿಲ್ಲ ಎಂದ ಮೇಲೆ ಪ್ರಜೆಗಳ ಪಾಡೇನು? ಯುದ್ಧಮಂತ್ರಿ ಎನ್ವರ್ ಪಾಶಾ ಮೂವತ್ತೆರಡರ ಹರೆಯದ ಸೇನಾಧಿಕಾರಿ. ಬರ್ಲಿನ್‌ನಲ್ಲಿದ್ದು ಬಂದವನು, ಜರ್ಮನ್ ಸೇನೆಯ ಬಗ್ಗೆ ಅಪಾರ ಭಕ್ತಿ. ಪ್ರಧಾನ ವಜೀರ ಸೈಯದ್ ಹಲೀಂ ಪಾಶಾ ಒಪ್ಪಂದಕ್ಕೆ ಸಹಿ ಹಾಕಿದವನಾದರೂ ಯುದ್ಧವನ್ನು ಆದಷ್ಟು ದೂರ ತಳ್ಳಬೇಕೆನ್ನುವವನು. ಹಣಕಾಸು ಮಂತ್ರಿ ಜಾವಿದ್ ಬೇಗೆ ಖಜಾನೆಯ ತಳ ಕಾಣುತ್ತಿತ್ತು. ಅವನಿಗೆ ಯುದ್ಧ ಬೇಡವೇ ಬೇಡ.

ಈ ನಡುವೆ ಇಂಗ್ಲೆಂಡ್ ಮಾಡಿದ ಒಂದು ಕೆಲಸ ಎನ್ವರ್‌ನ ಕೈ ಬಲಪಡಿಸಿತು. ಟರ್ಕಿ ಸರ್ಕಾರ ಇಂಗ್ಲೆಂಡಿನಲ್ಲಿ ಎರಡು ಭಾರಿ ಯುದ್ಧನೌಕೆಗಳನ್ನು ಕಟ್ಟಿಸುತ್ತಿತ್ತು. ನೌಕಾಪಡೆಗಾಗಿ ಊರೂರಿನಲ್ಲಿ ವಂತಿಗೆ ಎತ್ತಿದ್ದರು. ಶಾಲೆಯ ಮಕ್ಕಳು ಬಿಡಿಗಾಸು ಹಾಕಿದ್ದರು. ಹೆಂಗಸರು ತಲೆಗೂದಲು ಮಾರಿ ಹಣ ಕೊಟ್ಟರೆಂಬ ಮಾತೂ ಉಂಟು. ಹಡಗು ಒಯ್ಯಲು ತುರ್ಕಿ ನಾವಿಕರು ಇಂಗ್ಲೆಂಡಿಗೆ ಬಂದು ಕಾಯುತ್ತಿದ್ದಾಗಲೇ, ಆಗಸ್ಟ್ ಮೊದಲ ದಿನಗಳಲ್ಲಿ, ನೌಕಾಮಂತ್ರಿ ವಿನ್‌ಸ್ಟನ್ ಚರ್ಚಿಲ್ ಎರಡನ್ನೂ ಬ್ರಿಟಿಷ್ ನೌಕಾಪಡೆಗೆ ಸೇರಿಸಿಕೊಂಡುಬಿಟ್ಟರು. ಇಸ್ತಾಂಬುಲ್‌ನ ಬೀದಿಯಲ್ಲಿ ಸಿಟ್ಟು ಭುಗಿಲೆದ್ದಿತು.

ಅದರ ಮುಂದಿನ ವಾರವೇ, ಆಗಸ್ಟ್ 10ರಂದು, ಮೆಡಿಟರೇನಿಯನ್‌ನಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಓಡಿ ಬಂದ ‘ಗೋಬೆನ್’ ಮತ್ತು ‘ಬ್ರೆಸ್ಲಾವ್’ ಎಂಬ ಎರಡು ಜರ್ಮನ್ ಯುದ್ಧನೌಕೆಗಳಿಗೆ ಟರ್ಕಿ ಡಾರ್ಡನೆಲ್ಸ್ ಜಲಸಂಧಿಯ ಬಾಗಿಲು ತೆರೆಯಿತು. ತಟಸ್ಥ ದೇಶವಾದರೆ ಅವನ್ನು ಹೊರಗೆ ಕಳಿಸಬೇಕು, ಇಲ್ಲವೇ ನಿರಾಯುಧಗೊಳಿಸಿ ಕಟ್ಟಿಹಾಕಬೇಕು. ಟರ್ಕಿ ಎರಡನ್ನೂ ಮಾಡಲಿಲ್ಲ, ‘ಕೊಂಡುಕೊಂಡಿದ್ದೇವೆ’ ಎಂದಿತು. ಹಡಗಿನ ಹೆಸರು ಬದಲಾಯಿತು. ಜರ್ಮನ್ ನಾವಿಕರು ತಲೆಗೆ ಕೆಂಪು ತುರ್ಕಿ ಟೋಪಿ ಇಟ್ಟುಕೊಂಡರು. ಜರ್ಮನ್ ಅಡ್ಮಿರಲ್ ಸೂಶೋನನೇ ಟರ್ಕಿಯ ನೌಕಾಪಡೆಗೂ ಮುಖ್ಯಸ್ಥನಾದ. ಟೋಪಿ ಬದಲಾಯಿಸಿ ತಾಟಸ್ಥ್ಯ ಕಾಪಾಡಿಕೊಂಡ ಉದಾಹರಣೆ ಚರಿತ್ರೆಯಲ್ಲಿ ಇನ್ನೊಂದಿದೆಯೋ ಇಲ್ಲವೋ!

ಅಕ್ಟೋಬರಿನಲ್ಲಿ ಜರ್ಮನಿಯ ಚಿನ್ನ ಇಸ್ತಾಂಬುಲ್ ತಲುಪಿತು. ಆ ತಿಂಗಳ 29ರಂದು ಅದೇ ಹಡಗುಗಳು ಕಪ್ಪುಸಮುದ್ರ ದಾಟಿ ರಷ್ಯದ ಸೆವಾಸ್ಟೊಪೋಲ್ ಮುಂತಾದ ಬಂದರುಗಳ ಮೇಲೆ ಗುಂಡು ಸುರಿಸಿದವು. ಮಂತ್ರಿಮಂಡಲದಲ್ಲಿ ಕೋಲಾಹಲ. ಪ್ರಧಾನ ವಜೀರ ರಾಜೀನಾಮೆಗೆ ಹೊರಟು ಕೊನೆಗೆ ಉಳಿದ. ಜಾವಿದ್ ಸೇರಿ ಕೆಲವು ಮಂತ್ರಿಗಳು ಹೊರನಡೆದೇಬಿಟ್ಟರು. ನವೆಂಬರ್ 2ಕ್ಕೆ ರಷ್ಯ, 5ಕ್ಕೆ ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಸಾರಿದವು. ತಟಸ್ಥ ದೇಶ ಯುದ್ಧಕ್ಕೆ ಇಳಿದದ್ದು ಹೀಗೆ. ನಾಲ್ಕೈದು ಜನರ ಗುಟ್ಟು ಮತ್ತು ಒಬ್ಬ ಪರದೇಶಿ ಅಡ್ಮಿರಲ್‌ನ ಫಿರಂಗಿ, ಅಷ್ಟೇ.

ನಮ್ಮನ್ನಂತೂ ಯಾರೂ ಕೇಳಿರಲಿಲ್ಲ

ಟರ್ಕಿಯವರಿಗೆ ಮೂರು ತಿಂಗಳಾದರೂ ಸಿಕ್ಕಿತು. ಭಾರತಕ್ಕೆ ಒಂದು ದಿನವೂ ಸಿಗಲಿಲ್ಲ. ಆಗಸ್ಟ್ 4ರಂದು ಲಂಡನ್ ಯುದ್ಧ ಸಾರಿತು. ಆ ಕ್ಷಣದಿಂದ ಬಳ್ಳಾರಿ ಜಿಲ್ಲೆಯೂ ಯುದ್ಧದಲ್ಲಿತ್ತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು. ಸೆಪ್ಟೆಂಬರ್ 22ರ ರಾತ್ರಿ ‘ಎಮ್ಡನ್’ ಎಂಬ ಜರ್ಮನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆದು ಹೋದಾಗ ಆ ಪಟ್ಟಣದಿಂದ ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು.

ಆದರೆ ಟರ್ಕಿಯ ಪ್ರವೇಶ ತಂದ ಇಕ್ಕಟ್ಟು ಬೇರೆ ತೆರನದು. ಟರ್ಕಿಯ ಸುಲ್ತಾನ ಐದನೆಯ ಮೆಹಮ್ಮದ್ ಕೇವಲ ಸುಲ್ತಾನನಲ್ಲ, ಖಲೀಫ. ನವೆಂಬರ್ 14ರಂದು ಇಸ್ತಾಂಬುಲ್‌ನಲ್ಲಿ ಧರ್ಮಯುದ್ಧದ ಘೋಷಣೆಯೂ ಆಯಿತು. ಬ್ರಿಟಿಷ್ ಸೇನೆಯಲ್ಲಿದ್ದ ಮುಸ್ಲಿಂ ಸಿಪಾಯಿ ಏನು ಮಾಡಬೇಕು? ಮುಸ್ಲಿಮರ ಪವಿತ್ರ ಕ್ಷೇತ್ರಗಳಿಗೆ ಕೈ ಹಚ್ಚುವುದಿಲ್ಲವೆಂದು ಭಾರತ ಸರ್ಕಾರ ಮೊದಲೇ ಭರವಸೆ ಪ್ರಕಟಿಸಿತ್ತು. ಸಿರುಗುಪ್ಪದ ಬಳಿ ತುಂಗಭದ್ರೆ ದಾಟಿದರೆ ಆಗ ನಿಜಾಮರ ಸೀಮೆ. ಅಲ್ಲಿನ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರಿಗೆ ನಿಷ್ಠರಾಗಿರಿ ಎಂದು ಮುಸ್ಲಿಮರಿಗೆ ಕರೆ ಕೊಟ್ಟರು. ಬಹುಪಾಲು ಸಿಪಾಯಿಗಳು ಹಾಗೆಯೇ ಉಳಿದರು. ಎಲ್ಲರೂ ಅಲ್ಲ. 1915ರ ಫೆಬ್ರುವರಿಯಲ್ಲಿ ಸಿಂಗಪುರದಲ್ಲಿ ಐದನೆಯ ಲೈಟ್ ಇನ್‌ಫೆಂಟ್ರಿ ದಂಗೆ ಎದ್ದಿತು. ಟರ್ಕಿಯ ಮೇಲೆ ಯುದ್ಧಕ್ಕೆ ಕಳಿಸುತ್ತಾರೆಂಬ ವದಂತಿ ಅದರ ಕಾರಣಗಳಲ್ಲೊಂದು. ನಲವತ್ತಕ್ಕೂ ಹೆಚ್ಚು ಸಿಪಾಯಿಗಳನ್ನು ಬಹಿರಂಗವಾಗಿ ಗುಂಡಿಟ್ಟು ಕೊಂದರು.

ಪಕ್ಕದ ಮೈಸೂರು ಸಂಸ್ಥಾನದ ಮಾತು ಬೇರೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1914ರ ಕೊನೆಗೆ ಈಜಿಪ್ಟ್ ತಲುಪಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. ಎದುರಾಳಿ ಯಾರು? ಅದೇ ಟರ್ಕಿ. ನಾಲ್ಕು ವರ್ಷಗಳ ನಂತರ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣ ಹಿಡಿದ ಸಾಹಸ ಎಲ್ಲರಿಗೂ ಗೊತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ, ದೆಹಲಿಯ ತೀನ್‌ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು. ಗೆದ್ದವರ ಕಥೆಗೆ ಕಲ್ಲು ಸಿಗುತ್ತದೆ. ನಾನಿಲ್ಲಿ ಹೇಳಹೊರಟದ್ದು ಸೋತು ಬಂದವರ ಕಥೆ, ಆದ್ದರಿಂದ ಹೈಫಾವನ್ನು ಇಲ್ಲಿಗೇ ಬಿಡುತ್ತೇನೆ.

ಬಸ್ರಾದಿಂದ ಬಳ್ಳಾರಿಗೆ

ಬ್ರಿಟನ್ ಯುದ್ಧ ಸಾರಿದ ಮಾರನೆಯ ದಿನವೇ, ನವೆಂಬರ್ 6ರಂದು, ಭಾರತದಿಂದ ಹೋದ ಸೇನೆ ಪರ್ಷಿಯನ್ ಕೊಲ್ಲಿಯ ತುದಿಯಲ್ಲಿ ಫಾವ್ ಎಂಬಲ್ಲಿ ಇಳಿಯಿತು. ಅಷ್ಟು ಬೇಗ ಹೇಗೆ? ಹಡಗುಗಳು ಮೊದಲೇ ಕೊಲ್ಲಿಯಲ್ಲಿ ಕಾದಿದ್ದವು. ಪಕ್ಕದ ಪರ್ಷಿಯಾದ ಎಣ್ಣೆ, ಅಬಾದಾನಿನ ಸಂಸ್ಕರಣಾಗಾರ, ಎಲ್ಲಕ್ಕೂ ಮಿಗಿಲಾಗಿ ಕೊಲ್ಲಿಯ ಮೇಲಿನ ಹಿಡಿತ ಬ್ರಿಟಿಷರ ಲೆಕ್ಕದಲ್ಲಿತ್ತು. ನವೆಂಬರ್ ಮುಗಿಯುವ ಮೊದಲೇ ಬಸ್ರಾ ಅವರ ವಶವಾಯಿತು. ಡಿಸೆಂಬರ್ 9ರಂದು ಖುರ್ನಾದಲ್ಲಿ ಬಸ್ರಾದ ಅಧಿಪತಿ ಸುಬ್ಹಿ ಬೇ ಸಾವಿರಕ್ಕೂ ಹೆಚ್ಚು ಸೈನಿಕರೊಂದಿಗೆ ಶರಣಾದ. ತಟಸ್ಥ ದೇಶ ಯುದ್ಧಕ್ಕಿಳಿದು ಆರು ವಾರವಾಗಿತ್ತಷ್ಟೇ. ಸೆರೆಸಿಕ್ಕವರನ್ನು ಇಡಲು ಮೆಸಪೊಟೇಮಿಯಾದಲ್ಲಿ ಜಾಗವಿರಲಿಲ್ಲ, ತಿನ್ನಿಸಲು ಧಾನ್ಯವಿರಲಿಲ್ಲ. ಹಡಗು ಹತ್ತಿಸಿ ಭಾರತಕ್ಕೆ ಕಳಿಸತೊಡಗಿದರು.

ಹಾಗೆ ಬಂದವರಲ್ಲಿ ಒಂದಷ್ಟು ಜನ ಬಳ್ಳಾರಿಗೆ ಬಂದರು. ಬಳ್ಳಾರಿಯನ್ನೇ ಏಕೆ ಆರಿಸಿದರು ಎಂದು ಅಚ್ಚರಿಪಡಬೇಕಿಲ್ಲ. 1800ರಲ್ಲಿ ನಿಜಾಮರಿಂದ ಕಂಪನಿ ಸರ್ಕಾರದ ಕೈಗೆ ಬಂದಾಗಿನಿಂದ ಇದು ದಂಡಿನ ಊರು. ಬ್ಯಾರಕ್ಕುಗಳಿದ್ದವು, ವಿಶಾಲವಾದ ಬಯಲಿತ್ತು. ಗುಂತಕಲ್ಲಿನ ಮೂಲಕ ಬೊಂಬಾಯಿ, ಮದ್ರಾಸ್ ಎರಡಕ್ಕೂ ರೈಲು ಸಂಪರ್ಕ. ಸಮುದ್ರ ಮಾತ್ರ ಯಾವ ದಿಕ್ಕಿಗೂ ದೂರ. ಓಡಿಹೋಗಬೇಕೆಂದರೂ ಎಲ್ಲಿಗೆ ಓಡುವುದು?

‘ತುರ್ಕಿ ಕೈದಿಗಳು’ ಎಂದು ಒಟ್ಟಾಗಿ ಕರೆದರೂ ಒಟ್ಟೊಮನ್ ಸೇನೆಯಲ್ಲಿ ತುರ್ಕರಲ್ಲದೆ ಅರಬರು, ಕುರ್ದರು, ಅರ್ಮೇನಿಯನರು, ಯಹೂದಿಗಳು ಎಲ್ಲರೂ ಇದ್ದರು. ಡಂಗುರ ಎಲ್ಲರ ಊರಿನಲ್ಲೂ ಸದ್ದು ಮಾಡಿತ್ತಲ್ಲ! 1916ರಲ್ಲಿ ಮೆಕ್ಕಾದ ಶರೀಫ್ ಹುಸೇನ್ ತುರ್ಕಿ ಸುಲ್ತಾನನ ವಿರುದ್ಧ ಬಂಡೆದ್ದ ಮೇಲೆ ಬ್ರಿಟಿಷರು ಭಾರತದ ಮತ್ತು ಈಜಿಪ್ಟಿನ ಶಿಬಿರಗಳಲ್ಲಿದ್ದ ಅರಬ್ ಕೈದಿಗಳನ್ನು ಬೇರೆ ಮಾಡಿ, ‘ನೀವು ಆ ಬಂಡಾಯಕ್ಕೆ ಸೇರಿ’ ಎಂದು ಹುರಿದುಂಬಿಸತೊಡಗಿದರು. ಕೆಲವರು ಹೋದರು. ಹಡಗಿನಲ್ಲಿ ಅರಬಸ್ಥಾನದ ಕರಾವಳಿ ತಲುಪಿದ ಮೇಲೂ ‘ನಾವು ಇಳಿಯುವುದಿಲ್ಲ’ ಎಂದವರೂ ಇದ್ದರು. ಒಮ್ಮೆ ಹೇಳದೆ ಕೇಳದೆ ಸೈನಿಕರನ್ನಾಗಿ ಮಾಡಿದ್ದಾಗಿತ್ತು. ಈಗ ಎದುರು ಪಾಳೆಯದಿಂದ ಇನ್ನೊಂದು ಸಲ.

ಇದೇ ದಾರಿಯಲ್ಲಿ ನಮ್ಮವರು ಎದುರು ದಿಕ್ಕಿಗೆ ಹೋಗುತ್ತಿದ್ದರು ಎಂಬುದನ್ನು ಮರೆಯಬಾರದು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ತುಕಡಿಗಳು ಮೆಸಪೊಟೇಮಿಯಾದ ನದಿಗಳಿಗೆ ಸೇತುವೆ ಕಟ್ಟುತ್ತಿದ್ದವು. 1916ರಿಂದ ಭಾರತದ ಜೈಲುಗಳಲ್ಲಿದ್ದ ಸಾವಿರಾರು ಕೈದಿಗಳನ್ನೂ ‘ಶಿಕ್ಷೆ ಕಡಿಮೆ ಮಾಡುತ್ತೇವೆ’ ಎಂದು ಕೂಲಿ ದಳ ಕಟ್ಟಿ ಅಲ್ಲಿಗೆ ಸಾಗಿಸಿದರು. ಅಲ್ಲಿನ ಕೈದಿ ಇಲ್ಲಿಗೆ, ಇಲ್ಲಿನ ಕೈದಿ ಅಲ್ಲಿಗೆ! 1916ರ ಏಪ್ರಿಲ್ 29ರಂದು ಕೂತ್ ಎಂಬ ಊರಿನಲ್ಲಿ ಜನರಲ್ ಟೌನ್‌ಶೆಂಡ್ ಸುಮಾರು 13,000 ಜನರೊಂದಿಗೆ ತುರ್ಕರಿಗೆ ಶರಣಾದಾಗ ಅವರಲ್ಲಿ ಬಹುಪಾಲು ಭಾರತೀಯರೇ. ಹಸಿದ ಹೊಟ್ಟೆಯಲ್ಲಿ ಮರುಭೂಮಿ ದಾಟಿಸಿ ರೈಲುದಾರಿಯ ಕೆಲಸಕ್ಕೆ ಹಚ್ಚಿದರು. ಸಾಮಾನ್ಯ ಬ್ರಿಟಿಷ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಭಾರತೀಯರಲ್ಲಿ ಸಾವಿರಾರು ಜನ ವಾಪಸು ಬರಲೇ ಇಲ್ಲ. ಇದರ ಪಕ್ಕದಲ್ಲಿಟ್ಟು ನೋಡಿದರೆ, ರೆಡ್ ಕ್ರಾಸಿನವರು ಬಂದು ನೋಡಿ ಹೋಗುವಷ್ಟು ವ್ಯವಸ್ಥೆಯಿದ್ದ ಭಾರತದ ಶಿಬಿರಗಳಿಗೆ ಬಂದವರು ಅದೃಷ್ಟವಂತರೇ ಸರಿ.

ಮನೆಯಲ್ಲಿ ಉಳಿದವರು

ಶಿಬಿರದಲ್ಲಿದ್ದವನಿಗೆ ಎರಡು ಹೊತ್ತಿನ ಊಟವಾದರೂ ಇತ್ತು. ಅವನ ಮನೆಯಲ್ಲಿ? ಸುಮಾರು ಎರಡೂಕಾಲು ಕೋಟಿ ಜನಸಂಖ್ಯೆಯ ಆ ಸಾಮ್ರಾಜ್ಯ ನಾಲ್ಕು ವರ್ಷಗಳಲ್ಲಿ 28 ಲಕ್ಷದಷ್ಟು ಗಂಡಸರನ್ನು ಸೇನೆಗೆ ಎಳೆಯಿತು. ಹಣ ಕಟ್ಟಿ ತಪ್ಪಿಸಿಕೊಳ್ಳುವ ದಾರಿಯಿತ್ತು, ಅದು ಉಳ್ಳವರಿಗೆ. ಎತ್ತು, ಒಂಟೆ, ಬಂಡಿ, ಧಾನ್ಯ ಎಲ್ಲವನ್ನೂ ಯುದ್ಧದ ಹೆಸರಿನಲ್ಲಿ ಎತ್ತಿಕೊಂಡು ಹೋದರು. ಬದಲಿಗೆ ಸಿಕ್ಕಿದ್ದು ರಸೀತಿ. ಉಳುವವನಿಲ್ಲ, ಎತ್ತಿಲ್ಲ. ಹೆಂಗಸರೂ ಮುದುಕರೂ ಎಷ್ಟು ಬಿತ್ತಿಯಾರು? 1915ರಲ್ಲಿ ಸಿರಿಯಾ, ಪ್ಯಾಲೆಸ್ಟೈನ್‌ಗಳ ಮೇಲೆ ಮಿಡತೆ ಬಿದ್ದಿತು. ಸಮುದ್ರದ ಕಡೆಯಿಂದ ಬ್ರಿಟಿಷ್–ಫ್ರೆಂಚ್ ಹಡಗುಗಳ ದಿಗ್ಬಂಧನ. ಲೆಬನಾನಿನ ಬೆಟ್ಟಸೀಮೆಯಲ್ಲಿ ಮೂವರಲ್ಲೊಬ್ಬರು ಹಸಿವು, ರೋಗಗಳಿಂದ ಸತ್ತರೆಂಬ ಅಂದಾಜಿದೆ. ಅರ್ಮೇನಿಯನ್ ಪ್ರಜೆಗಳ ಪಾಲಿಗಂತೂ 1915 ಸರ್ವನಾಶದ ವರ್ಷ. ಸ್ವಂತ ಸರ್ಕಾರವೇ ಅವರನ್ನು ಮನೆಮಠ ಬಿಡಿಸಿ ಮರುಭೂಮಿಗೆ ಅಟ್ಟಿತು, ಲಕ್ಷಾಂತರ ಮಂದಿಯನ್ನು ಕೊಂದಿತು. ಸೇನೆಯಲ್ಲಿದ್ದ ಅವರ ಗಂಡಸರ ಕೈಯಿಂದ ಬಂದೂಕು ಕಿತ್ತು ಕೂಲಿಪಡೆಗೆ ಹಾಕಿದ್ದರು. ಅವರಲ್ಲೂ ಬದುಕುಳಿದವರು ವಿರಳ.

ಸೇನೆಯಲ್ಲಿ ಗುಂಡಿಗಿಂತ ಟೈಫಸ್ ಮುಂತಾದ ರೋಗಗಳಿಗೆ ಬಲಿಯಾದವರೇ ಹೆಚ್ಚು. ಯುದ್ಧ ಮುಗಿಯುವ ಹೊತ್ತಿಗೆ ಸೇನೆ ಬಿಟ್ಟು ಓಡಿಹೋದವರ ಸಂಖ್ಯೆ ಐದು ಲಕ್ಷದ ಹತ್ತಿರ ಬಂದಿತ್ತು. ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಬಿತ್ತನೆಗೆ ಮನೆ ಸೇರಬೇಕೆಂದು ಹೊರಟ ರೈತರೂ ಅವರಲ್ಲಿ ಬೇಕಾದಷ್ಟಿದ್ದರು.

ಬಳ್ಳಾರಿ ಸೀಮೆ ಅಂಥ ನರಕವನ್ನು ಕಾಣಲಿಲ್ಲ ನಿಜ. ಆದರೆ ಬಿಸಿ ತಟ್ಟದೆ ಹೋಗಲಿಲ್ಲ. ಯುದ್ಧ ಶುರುವಾದೊಡನೆ ಭಾರತದ ಹತ್ತಿಯ ದೊಡ್ಡ ಗಿರಾಕಿಗಳಲ್ಲೊಂದಾಗಿದ್ದ ಜರ್ಮನಿಯ ಬಾಗಿಲು ಮುಚ್ಚಿತು, 1914ರ ಹತ್ತಿಯ ಬೆಲೆ ಕುಸಿಯಿತು. ಹತ್ತಿ ನಂಬಿದ ಎರೆ ಸೀಮೆಗೆ ಅದರ ಪೆಟ್ಟು ಹೇಗಿದ್ದೀತೆಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಭಾರತದ ರೈಲು ಹಳಿ, ಎಂಜಿನ್ನು, ವ್ಯಾಗನ್ನುಗಳು ಮೆಸಪೊಟೇಮಿಯಾಕ್ಕೆ ಹೋದವು. ಇತ್ತ ಉಪ್ಪು, ಸೀಮೆಎಣ್ಣೆ, ಬಟ್ಟೆ, ಧಾನ್ಯ ಸಾಗಿಸಲು ವ್ಯಾಗನ್ನಿಲ್ಲದೆ ಬೆಲೆ ಏರಿತು. 1917ರಲ್ಲಿ ಭಾರತ ಸರ್ಕಾರ ಬ್ರಿಟನ್ನಿಗೆ 10 ಕೋಟಿ ಪೌಂಡ್ ‘ಕಾಣಿಕೆ’ ಒಪ್ಪಿಸಿತು. ಅದಕ್ಕಾಗಿ ಯುದ್ಧ ಸಾಲದ ಬಾಂಡು ಮಾರಾಟ. 1918ರಲ್ಲಿ ಮಳೆ ಕೈಕೊಟ್ಟಿತು. ಮದ್ರಾಸ್ ಪ್ರಾಂತ್ಯದ ಹಲವೆಡೆ ಜನ ಸಂತೆ, ಅಂಗಡಿಗಳ ಮೇಲೆ ಬಿದ್ದು ಧಾನ್ಯ ಲೂಟಿ ಮಾಡಿದರು. ಆ ವರ್ಷದ ಕೊನೆಯಲ್ಲೇ ಇನ್‌ಫ್ಲುಯೆನ್ಜಾ ಜ್ವರ ಬಂದು ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಒಯ್ದಿತು. ಆ ಜ್ವರಕ್ಕೆ ಕೈದಿ, ಕಾವಲುಗಾರ ಎಂಬ ಭೇದವಿರಲಿಲ್ಲ.

ಖಲೀಫನ ಹೆಸರಿನಲ್ಲಿ ಮತ್ತೊಂದು ಸೆರೆ

ಯುದ್ಧ ಮುಗಿದ ತಕ್ಷಣ ಕೈದಿಗಳೇನೂ ಊರಿಗೆ ಹೋಗಲಿಲ್ಲ. ಭಾರತ, ಬರ್ಮಾ, ಈಜಿಪ್ಟ್ ಶಿಬಿರಗಳಲ್ಲಿದ್ದವರನ್ನು ಹಡಗು ಹತ್ತಿಸುವುದು 1919, 1920ರವರೆಗೂ ಎಳೆಯಿತು. 1920ರ ಆಗಸ್ಟ್ 10ರ ಸೆವ್ರ್ ಒಪ್ಪಂದ ಟರ್ಕಿಯನ್ನು ಹರಿದು ಹಂಚುವ ಪತ್ರವಾಯಿತು. ಖಲೀಫನಿಗಾದ ಅನ್ಯಾಯದ ವಿರುದ್ಧ ಭಾರತದಲ್ಲಿ ಖಿಲಾಫತ್ ಚಳವಳಿ ಎದ್ದಿತು, ಗಾಂಧೀಜಿ ಅದರ ಬೆನ್ನಿಗೆ ನಿಂತರು. 1921ರಲ್ಲಿ ಮಲಬಾರಿನಲ್ಲಿ ಅದೇ ಹೆಸರಿನೊಂದಿಗೆ ಗೇಣಿದಾರರ ಬೇಗುದಿಯೂ ಸೇರಿ ಮಾಪಿಳ್ಳೆ ದಂಗೆಯಾಯಿತು, ರಕ್ತ ಹರಿಯಿತು. ಸೆರೆಸಿಕ್ಕವರಲ್ಲಿ ದೊಡ್ಡ ಗುಂಪನ್ನು ಎಲ್ಲಿಗೆ ತಂದರು ಗೊತ್ತೇ? ಬಳ್ಳಾರಿಯ ಜೈಲಿಗೆ. ಖಲೀಫನ ಸಿಪಾಯಿಗಳು ಖಾಲಿ ಮಾಡಿ ಹೋದ ಊರಿಗೆ, ಆ ಖಲೀಫನನ್ನು ಒಮ್ಮೆಯೂ ಕಾಣದ ಮಲಯಾಳಿ ರೈತರು ಅವನ ಹೆಸರು ಹೇಳಿಕೊಂಡು ಕೈಕೋಳದಲ್ಲಿ ಬಂದಿಳಿದರು. ಮೂರು ವರ್ಷವಾಗುವುದರೊಳಗೆ, 1924ರ ಮಾರ್ಚ್ 3ರಂದು, ಟರ್ಕಿಯವರೇ ಖಲೀಫನ ಪೀಠವನ್ನು ರದ್ದುಮಾಡಿದರು.

ಇತ್ತ ಊರು ಸೇರಿದ ತುರ್ಕಿ ಕೈದಿಗಳಿಗೂ ಎತ್ತು ಕಟ್ಟುವ ಯೋಗ ಬೇಗ ಬರಲಿಲ್ಲ. ಅವರು ಹಡಗಿನಿಂದ ಇಳಿಯುವ ಹೊತ್ತಿಗೆ ಅನಟೋಲಿಯಾದಲ್ಲಿ ಮುಸ್ತಫಾ ಕೆಮಾಲನ ನೇತೃತ್ವದಲ್ಲಿ ಇನ್ನೊಂದು ಯುದ್ಧ ನಡೆಯುತ್ತಿತ್ತು. ಸೆರೆಯಿಂದ ಬಂದವರಲ್ಲಿ ಹಲವರು ಮತ್ತೆ ಬಂದೂಕು ಹಿಡಿದರು. 1922ರವರೆಗೆ ಆ ದೇಶಕ್ಕೆ ಶಾಂತಿಯೆಂಬುದು ಇರಲಿಲ್ಲ.

ಈ ತಲೆಮಾರು ಎರಡನೆಯ ಮಹಾಯುದ್ಧದ ವೇಳೆಗೆ ಟರ್ಕಿಯನ್ನು ಆಳುತ್ತಿತ್ತು. ಅಧ್ಯಕ್ಷ ಇಸ್ಮೆತ್ ಇನೊನು ಮೊದಲ ಯುದ್ಧದಲ್ಲಿ ಸೇನಾಧಿಕಾರಿಯಾಗಿ ಸೋಲು ಕಂಡವರು. ಹಿಟ್ಲರ್ ಕರೆದ, ಚರ್ಚಿಲ್ ಸ್ವತಃ ಟರ್ಕಿಗೆ ಹೋಗಿ ಕೇಳಿಕೊಂಡರು. ಅವರು ಯಾರಿಗೂ ಹೂಂ ಎನ್ನಲಿಲ್ಲ. ಕೊನೆಗೆ ವಿಶ್ವಸಂಸ್ಥೆಯನ್ನು ಕಟ್ಟುವ ಸಭೆಗೆ ಆಹ್ವಾನ ಬೇಕಾದರೆ ಯುದ್ಧ ಸಾರಿರಲೇಬೇಕು ಎಂಬ ಷರತ್ತು ಬಂದಾಗ, 1945ರ ಫೆಬ್ರುವರಿ 23ರಂದು ಜರ್ಮನಿ ಮತ್ತು ಜಪಾನಿನ ಮೇಲೆ ಟರ್ಕಿ ಯುದ್ಧ ಘೋಷಿಸಿತು. ಜರ್ಮನಿ ಶರಣಾಗಲು ಆಗ ಎರಡೂವರೆ ತಿಂಗಳಷ್ಟೇ ಉಳಿದಿತ್ತು. ಒಂದು ಗುಂಡೂ ಹಾರಲಿಲ್ಲ; ಆ ಯುದ್ಧದಲ್ಲಿ ಸೆರೆಯಾಗಿ ಭಾರತಕ್ಕೆ ಬಂದವರಲ್ಲಿ ಒಬ್ಬ ತುರ್ಕಿ ಸಿಪಾಯಿಯೂ ಇರಲಿಲ್ಲ.